ಬ್ರೌಸರಿನಲ್ಲಿ ಇನ್‌ಪುಟ್ ಈವೆಂಟ್‌ಗಳನ್ನು ನಿರ್ವಹಿಸುವ ಬಗೆ: ಕನ್ನಡ ಹೆಸರುಗಳ ಹುಡುಕು ಪೆಟ್ಟಿಗೆಯೊಂದನ್ನು ಕಟ್ಟುತ್ತಾ

ಈ ಬರಹದಲ್ಲಿ ನಾವು ಕಟ್ಟಲಿರುವುದು ಒಂದು ಸಣ್ಣ ವೆಬ್ ಪುಟ. ಅದರ ಮೇಲ್ಭಾಗದಲ್ಲಿ ಸದಸ್ಯರ ಹೆಸರನ್ನು ಹುಡುಕುವ ಪೆಟ್ಟಿಗೆ, ಅದರ ಕೆಳಗೆ ಟೈಪಿಸುತ್ತ ಹೋದಂತೆ ಕಿರಿದಾಗುವ ಸಲಹೆಗಳ ಪಟ್ಟಿ, ಪಕ್ಕದಲ್ಲಿ ವಿವರಗಳನ್ನು ಉಳಿಸುವ ಗುಂಡಿ ಇರುತ್ತವೆ. ಜಾವಾಸ್ಕ್ರಿಪ್ಟ್ ಅಲ್ಪಸ್ವಲ್ಪ ಬಲ್ಲವರು ಇದನ್ನು ಒಂದು ಮಧ್ಯಾಹ್ನದಲ್ಲಿ ಬರೆದು ಮುಗಿಸಬಹುದು. ಆದರೆ ಅದೇ ಪುಟದಲ್ಲಿ ಕನ್ನಡ ಟೈಪಿಸುವವರು, ಮೊಬೈಲಿನಲ್ಲಿ ಬೆರಳಾಡಿಸುವವರು, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಿಂದಲೇ ಸಾಗುವವರು, ಬಾಯಲ್ಲಿ ಹೇಳಿ ಬರೆಸುವವರು ಎಲ್ಲರೂ ತೊಡಕಿಲ್ಲದೆ ಕೆಲಸ ಮಾಡಬೇಕಾದರೆ, ಯಾವ ಈವೆಂಟನ್ನು (ಕೀಲಿ ಒತ್ತಿದ್ದು, ಪಠ್ಯ ಬದಲಾದದ್ದು ಇಂಥವನ್ನು ಬ್ರೌಸರ್ ನಮ್ಮ ಕೋಡಿಗೆ ತಿಳಿಸುವ ಸುದ್ದಿಯನ್ನು) ಆಲಿಸಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು ಎಂಬುದನ್ನು ತಿಳಿದೇ ಬರೆಯಬೇಕಾಗುತ್ತದೆ.

ಇಂಥದೇ ಪುಟವೊಂದನ್ನು ಕೆಲವು ವರ್ಷಗಳ ಹಿಂದೆ ನಾನು ಒಂದು ಸಹಕಾರ ಸಂಘಕ್ಕೆ ಬರೆದುಕೊಟ್ಟಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಹೆಸರುಗಳನ್ನು ಹಾಕಿ ಪರೀಕ್ಷಿಸಿದಾಗ ಎಲ್ಲವೂ ಸರಿಯಾಗಿತ್ತು. ಸಂಘದ ಗುಮಾಸ್ತೆ ಮೊದಲ ದಿನವೇ ಲಿಪ್ಯಂತರಣ ವಿಧಾನದಲ್ಲಿ (ರೋಮನ್ ಅಕ್ಷರಗಳಲ್ಲಿ ಒತ್ತಿದ್ದು ಕನ್ನಡವಾಗುವ ಕ್ರಮದಲ್ಲಿ) ‘ಶ್ರೀನಿವಾಸ’ ಎಂದು ಟೈಪಿಸಿ, ಕೀಲಿಮಣೆ ತೋರಿಸಿದ ಪದವನ್ನು ಒಪ್ಪಿಕೊಳ್ಳಲು ಎಂಟರ್ ಒತ್ತಿದರು. ನಾನು ಬರೆದ ಕೋಡ್ ಆ ಎಂಟರನ್ನು ‘ಉಳಿಸು’ ಎಂಬ ಆಜ್ಞೆಯೆಂದು ಓದಿತು. ಹೆಸರು ಇನ್ನೂ ಪೆಟ್ಟಿಗೆಗೆ ಪೂರ್ತಿ ಇಳಿಯುವ ಮೊದಲೇ ದಾಖಲೆ ಉಳಿದುಹೋಯಿತು. ತಪ್ಪು ಪೂರ್ತಿಯಾಗಿ ನನ್ನದೇ ಆಗಿತ್ತು: ಬಳಕೆದಾರರು ಯಾವ ಕೀಲಿ ಒತ್ತಿದರು ಎಂಬುದನ್ನು ನೋಡಿ, ಅವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನಾನು ಊಹಿಸಿದ್ದೆ. ಅಂದಿನಿಂದ ನಾನು ಪಾಲಿಸುತ್ತ ಬಂದಿರುವ ನಿಯಮ ಒಂದೇ. ಒಂದು ಕ್ರಿಯೆಗೆ ಹಲವು ಈವೆಂಟ್‌ಗಳು ಹುಟ್ಟುವಾಗ, ಯಂತ್ರಕ್ಕೆ ಹತ್ತಿರವಾದ ಈವೆಂಟನ್ನು ಬಿಟ್ಟು ಬಳಕೆದಾರರ ಉದ್ದೇಶಕ್ಕೆ ಹತ್ತಿರವಾದುದನ್ನು ಆಲಿಸಬೇಕು. ಮುಂದೆ ಬರುವ ಹೆಚ್ಚಿನ ಸಲಹೆಗಳೆಲ್ಲ ಈ ನಿಯಮದಿಂದಲೇ ಹುಟ್ಟಿವೆ.

ಈವೆಂಟ್ ಸಾಗುವ ದಾರಿ

ಕೀಲಿಯೊಂದನ್ನು ಒತ್ತಿದಾಗ ಆ ಸುದ್ದಿ ಮೊದಲು ಆಪರೇಟಿಂಗ್ ಸಿಸ್ಟಂಗೆ, ಅಲ್ಲಿಂದ ಭಾಷೆಯ ಕೀಲಿಮಣೆ ತಂತ್ರಾಂಶಕ್ಕೆ, ಅಲ್ಲಿಂದ ಬ್ರೌಸರಿಗೆ ಬರುತ್ತದೆ. ಬ್ರೌಸರ್ ಅದನ್ನು ಸರದಿಯಲ್ಲಿ ನಿಲ್ಲಿಸಿ, ಈಗ ನಡೆಯುತ್ತಿರುವ ಜಾವಾಸ್ಕ್ರಿಪ್ಟ್ ಕೆಲಸ ಮುಗಿದ ಬಳಿಕವೇ ನಾವು ನೋಂದಾಯಿಸಿದ ಹ್ಯಾಂಡ್ಲರ್ ಫಂಕ್ಷನ್ನನ್ನು ಕರೆಯುತ್ತದೆ. ಪುಟವನ್ನು ಚಿತ್ರಿಸುವುದೂ ಹ್ಯಾಂಡ್ಲರುಗಳನ್ನು ನಡೆಸುವುದೂ ಒಂದೇ ಥ್ರೆಡ್ (ಒಂದಾದ ಮೇಲೊಂದರಂತೆ ಕೆಲಸ ಮಾಡುವ ಸಾಲು) ಆಗಿರುವುದರಿಂದ, ಒಂದು ಹ್ಯಾಂಡ್ಲರ್ ತಡಮಾಡಿದರೆ ಹಿಂದಿರುವ ಎಲ್ಲ ಈವೆಂಟ್‌ಗಳೂ ಕಾಯುತ್ತವೆ. ಟೈಪಿಸಿದ ಅಕ್ಷರವೂ ಪರದೆಯ ಮೇಲೆ ತಡವಾಗಿ ಮೂಡುತ್ತದೆ.

ನೋಂದಣಿಗೆ ‘ಆಡ್‌ಈವೆಂಟ್‌ಲಿಸನರ್’ ಎಂಬ ವಿಧಾನವನ್ನೇ ಬಳಸಿ. ಎಚ್‌ಟಿಎಂಎಲ್ ಟ್ಯಾಗಿನೊಳಗೆ ‘ಆನ್‌ಕ್ಲಿಕ್’ ಎಂದು ಬರೆಯುವ ಹಳೆಯ ಕ್ರಮದಲ್ಲಿ ಒಂದು ಅಂಗಕ್ಕೆ (ಎಲಿಮೆಂಟಿಗೆ) ಒಂದೇ ಹ್ಯಾಂಡ್ಲರ್ ಇರಲು ಸಾಧ್ಯ. ಕೋಡಿನಿಂದ ಎರಡನೆಯದನ್ನು ಹಾಕಿದ ಕೂಡಲೇ ಮೊದಲನೆಯದು ಸದ್ದಿಲ್ಲದೆ ಅಳಿದುಹೋಗುತ್ತದೆ.

ಈವೆಂಟ್ ಒಂದೇ ಅಂಗದಲ್ಲಿ ನಿಂತುಬಿಡುವುದಿಲ್ಲ. ಅದು ಮೊದಲು ಪುಟದ ಹೊರಗಿನ ಅಂಗದಿಂದ ಒಳಗಿನ ಗುರಿಯ ಕಡೆಗೆ ಇಳಿಯುತ್ತದೆ, ಬಳಿಕ ಒಳಗಿನಿಂದ ಹೊರಕ್ಕೆ ಏರುತ್ತದೆ. ಈ ಎರಡು ಹಂತಗಳು ಏಕೆ ಬಂದವೆಂದರೆ, ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಹೊರಗಿನಿಂದ ಒಳಕ್ಕೆ ಇಳಿಯುವ ಕ್ರಮವನ್ನೂ ಮೈಕ್ರೋಸಾಫ್ಟ್ ಒಳಗಿನಿಂದ ಹೊರಕ್ಕೆ ಏರುವ ಕ್ರಮವನ್ನೂ ಹಿಡಿದಿದ್ದವು. 2000ದ ನವೆಂಬರಿನಲ್ಲಿ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯು3ಸಿ ಹೊರತಂದ ಎರಡನೆಯ ಹಂತದ ಡಾಮ್ (ಪುಟದ ಅಂಗಗಳನ್ನು ಕೋಡಿಗೆ ತೋರಿಸುವ ಮರ) ಈವೆಂಟ್ ಮಾನದಂಡ ಎರಡನ್ನೂ ಒಂದೇ ಪಯಣದ ಎರಡು ಭಾಗಗಳಾಗಿ ಸೇರಿಸಿತು. ನಮಗೆ ಹೆಚ್ಚಾಗಿ ಬೇಕಾಗುವುದು ಏರುವ ಹಂತ. ಸಲಹೆಗಳ ಪಟ್ಟಿಯಲ್ಲಿ ಐನೂರು ಹೆಸರುಗಳಿದ್ದರೆ ಐನೂರು ಲಿಸನರುಗಳನ್ನು (ಹೀಗೆ ನೋಂದಾಯಿಸಿದ ಹ್ಯಾಂಡ್ಲರುಗಳನ್ನು) ಹಚ್ಚುವ ಅಗತ್ಯವಿಲ್ಲ. ಪಟ್ಟಿಗೆ ಒಂದೇ ಲಿಸನರ್ ಹಚ್ಚಿ, ಒಳಗಿನಿಂದ ಏರಿಬಂದ ಈವೆಂಟಿನ ‘ಟಾರ್ಗೆಟ್’ ಯಾವ ಸಾಲಿಗೆ ಸೇರಿದೆ ಎಂಬುದನ್ನು ‘ಕ್ಲೋಸೆಸ್ಟ್’ ವಿಧಾನದಿಂದ ಕಂಡುಕೊಂಡರೆ ಸಾಕು. ಹುಡುಕಿದಾಗಲೆಲ್ಲ ಸಾಲುಗಳು ಅಳಿದು ಹೊಸವು ಬಂದರೂ ಪಟ್ಟಿ ಅಲ್ಲೇ ಇರುವುದರಿಂದ ಲಿಸನರ್ ಕೆಲಸ ಮಾಡುತ್ತಲೇ ಇರುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ಈವೆಂಟ್ ಮುಂದೆ ಸಾಗದಂತೆ ತಡೆಯುವ ‘ಸ್ಟಾಪ್‌ಪ್ರಾಪಗೇಷನ್’ ಮತ್ತು ಬ್ರೌಸರಿನ ಸಹಜ ವರ್ತನೆಯನ್ನು ತಡೆಯುವ ‘ಪ್ರಿವೆಂಟ್‌ಡಿಫಾಲ್ಟ್’ ಎರಡೂ ಬೇರೆ ಬೇರೆ. ಹಲವರು ಎರಡನ್ನೂ ಜೋಡಿಯಾಗಿ ಅಭ್ಯಾಸಬಲದಿಂದ ಬರೆಯುತ್ತಾರೆ. ಮೊದಲನೆಯದನ್ನು ನಾನು ಬಳಸುವುದು ತೀರಾ ಅಪರೂಪ, ಏಕೆಂದರೆ ಪಟ್ಟಿಯ ಹೊರಗೆ ಒತ್ತಿದಾಗ ಪಟ್ಟಿಯನ್ನು ಮುಚ್ಚುವಂಥ ಕೋಡ್ ಪುಟದ ಹೊರ ಅಂಗದಲ್ಲಿ ಕಾಯುತ್ತಿರುತ್ತದೆ. ಒಳಗೆ ಯಾರೋ ಈವೆಂಟನ್ನು ತಡೆದುಬಿಟ್ಟರೆ ಅದಕ್ಕೆ ಸುದ್ದಿಯೇ ಮುಟ್ಟುವುದಿಲ್ಲ, ಕಾರಣವೂ ಬೇಗನೆ ಸಿಗುವುದಿಲ್ಲ.

ಒತ್ತಿದ ಕೀಲಿ ಮತ್ತು ಮೂಡಿದ ಅಕ್ಷರ

ಈಗ ಪೆಟ್ಟಿಗೆಯ ವಿಚಾರಕ್ಕೆ ಬರೋಣ. ‘ಭಕ್ತ’ ಎಂಬ ಪದವನ್ನು ಮೂರು ರೀತಿಗಳಲ್ಲಿ ಟೈಪಿಸಿ ನೋಡಿ. ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಲಿಪಿಗಳಿಗೆಂದು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ವೈ, ಬಳಿಕ ಕೆ, ಡಿ, ಎಲ್ ಕೀಲಿಗಳನ್ನು ಒತ್ತಬೇಕು. ಅಲ್ಲಿ ಡಿ ಕೀಲಿಯೇ ವಿರಾಮ ಚಿಹ್ನೆ (ವ್ಯಂಜನದ ಸ್ವರವನ್ನು ತೆಗೆಯುವ ‘್’), ಎಲ್ ಕೀಲಿಯೇ ತ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ಬಿ, ಬಳಿಕ ಕೆ, ಎಫ್, ಟಿ. ಅಲ್ಲಿ ಒತ್ತಕ್ಷರ ಕೂಡಿಸುವ ಕೀಲಿ ಎಫ್. ಲಿಪ್ಯಂತರಣದಲ್ಲಾದರೆ ಬಿ, ಎಚ್, ಎ, ಕೆ, ಟಿ, ಎ ಎಂದು ಆರು ಕೀಲಿಗಳು. ಮೂರರಲ್ಲೂ ಕೊನೆಗೆ ಪೆಟ್ಟಿಗೆಯಲ್ಲಿ ನಿಲ್ಲುವುದು ಭ, ಕ, ವಿರಾಮ, ತ ಎಂಬ ನಾಲ್ಕೇ ಯೂನಿಕೋಡ್ ಸಂಕೇತಗಳು. ಶಿಫ್ಟ್ ಕೀಲಿಯೂ ತನ್ನದೇ ಒಂದು ‘ಕೀಡೌನ್’ ಈವೆಂಟನ್ನು ಹುಟ್ಟಿಸುವುದರಿಂದ ಮೊದಲ ಎರಡು ವಿಧಾನಗಳಲ್ಲಿ ಒತ್ತಿದ್ದರ ಲೆಕ್ಕ ಕಡಿಮೆಯೆಂದರೂ ಐದು, ಮೂಡಿದ್ದರ ಲೆಕ್ಕ ನಾಲ್ಕು. ಒತ್ತಿದ ಕೀಲಿಗಳನ್ನು ಕೂಡಿಹಾಕಿ ಪದವನ್ನು ಕಟ್ಟಲು ಹೊರಡುವ ಯಾವ ಕೋಡೂ ಈ ಮೂರನ್ನೂ ನಿಭಾಯಿಸಲಾರದು.

ಮೊಬೈಲಿನಲ್ಲಿ ವಿಷಯ ಇನ್ನೂ ಬಿಗಿಯಾಗುತ್ತದೆ. ಆಂಡ್ರಾಯ್ಡಿನ ಕ್ರೋಮ್‌ನಲ್ಲಿ ಪರದೆಯ ಕೀಲಿಮಣೆಯಿಂದ ಟೈಪಿಸಿದಾಗ, ‘ಕೀಡೌನ್’ ಈವೆಂಟಿನ ಕೀಲಿಯ ಹೆಸರು ಬಹುತೇಕ ‘ಅನ್‌ಐಡೆಂಟಿಫೈಡ್’ ಎಂದೇ ಇರುತ್ತದೆ, ಹಳೆಯ ‘ಕೀಕೋಡ್’ 229 ಆಗಿರುತ್ತದೆ. ಕೀಲಿಮಣೆ ತಂತ್ರಾಂಶ ಈ ಕೀಲಿಯನ್ನು ತನ್ನ ಕೈಗೆ ತೆಗೆದುಕೊಂಡಿದೆ, ಫಲಿತಾಂಶ ಬೇರೆ ದಾರಿಯಲ್ಲಿ ಬರಲಿದೆ ಎಂಬುದೇ 229ರ ಅರ್ಥ. ಜಾರು ಬೆರಳಿನಿಂದ ಬರೆದ ಪದ, ಸಲಹೆಯಿಂದ ಆರಿಸಿದ ಪದ, ಧ್ವನಿಯಿಂದ ಬಂದ ವಾಕ್ಯ, ಮೌಸಿನಿಂದ ಅಂಟಿಸಿದ ಪಠ್ಯ ಇವುಗಳಿಗೆ ಅಕ್ಷರಕ್ಕೊಂದು ಕೀಲಿ ಎಂಬ ಹೊಂದಿಕೆಯೇ ಇರುವುದಿಲ್ಲ.

ಆದ್ದರಿಂದ ಪಠ್ಯ ಬದಲಾದುದನ್ನು ತಿಳಿಯಲು ‘ಇನ್‌ಪುಟ್’ ಎಂಬ ಈವೆಂಟನ್ನು ಆಲಿಸಿ, ಪೆಟ್ಟಿಗೆಯ ‘ವ್ಯಾಲ್ಯೂ’ವನ್ನು ಓದಿ. ಬಳಕೆದಾರರಿಂದ ಪಠ್ಯ ಯಾವ ದಾರಿಯಲ್ಲಿ ಬಂದರೂ ಈ ಈವೆಂಟ್ ಹುಟ್ಟುತ್ತದೆ. ಬದಲಾವಣೆ ಯಾವ ಬಗೆಯದು ಎಂಬುದು ಬೇಕಿದ್ದರೆ ಅದರ ‘ಇನ್‌ಪುಟ್‌ಟೈಪ್’ ಹೇಳುತ್ತದೆ: ಅಕ್ಷರ ಸೇರಿತೇ, ಹಿಂದಿನದು ಅಳಿಯಿತೇ, ಅಂಟಿಸಲಾಯಿತೇ ಎಂಬುದೆಲ್ಲ ಅಲ್ಲಿರುತ್ತದೆ. ಪಠ್ಯ ಸೇರುವ ಮೊದಲೇ ತಡೆಯಬೇಕಾದರೆ ‘ಬಿಫೋರ್‌ಇನ್‌ಪುಟ್’ ಇದೆ; ಆದರೆ ಕೀಲಿಮಣೆ ತಂತ್ರಾಂಶ ಪದವನ್ನು ಇನ್ನೂ ಕಟ್ಟುತ್ತಿರುವಾಗ ಅದನ್ನು ತಡೆಯಲು ಬರುವುದಿಲ್ಲ ಎಂಬುದನ್ನು ನೆನಪಿಡಿ. ‘ಚೇಂಜ್’ ಎಂಬ ಈವೆಂಟ್ ಪಠ್ಯದ ಪೆಟ್ಟಿಗೆಯಲ್ಲಿ ಬಳಕೆದಾರರು ಬರೆದು ಮುಗಿಸಿ ಹೊರಬಂದಾಗ ಹುಟ್ಟುತ್ತದೆ, ಹಾಗಾಗಿ ಅದು ತಪ್ಪುಗಳ ಪರಿಶೀಲನೆಗೆ ಒಳ್ಳೆಯದು. ನಮ್ಮ ಕೋಡೇ ಪೆಟ್ಟಿಗೆಗೆ ಬೆಲೆ (‘ವ್ಯಾಲ್ಯೂ’) ತುಂಬಿದರೆ ‘ಇನ್‌ಪುಟ್’, ‘ಚೇಂಜ್’ ಎರಡರಲ್ಲಿ ಯಾವುದೂ ಹುಟ್ಟುವುದಿಲ್ಲ.

ಪದ ಕಟ್ಟುತ್ತಿರುವ ಸ್ಥಿತಿ

ಲಿಪ್ಯಂತರಣ ಮತ್ತು ಮೊಬೈಲ್ ಕೀಲಿಮಣೆಗಳು ಪದವೊಂದನ್ನು ತಾತ್ಕಾಲಿಕವಾಗಿ ಕಟ್ಟುತ್ತ, ಬದಲಿಸುತ್ತ, ಕೊನೆಗೆ ಒಪ್ಪಿಸುತ್ತವೆ. ಕಟ್ಟಲು ತೊಡಗಿದಾಗ ‘ಕಾಂಪೊಸಿಷನ್‌ಸ್ಟಾರ್ಟ್’, ಪ್ರತಿ ಬದಲಾವಣೆಗೆ ‘ಕಾಂಪೊಸಿಷನ್‌ಅಪ್‌ಡೇಟ್’, ಪದ ನೆಲೆಗೊಂಡಾಗ ‘ಕಾಂಪೊಸಿಷನ್‌ಎಂಡ್’ ಎಂಬ ಈವೆಂಟ್‌ಗಳು ಬರುತ್ತವೆ. ಈ ನಡುವೆ ಬರುವ ‘ಕೀಡೌನ್’ ಮತ್ತು ‘ಇನ್‌ಪುಟ್’ ಈವೆಂಟ್‌ಗಳಲ್ಲಿ ‘ಈಸ್‌ಕಾಂಪೋಸಿಂಗ್’ ಎಂಬ ಗುಣ ಸತ್ಯವಾಗಿರುತ್ತದೆ. ಪರದೆಯಲ್ಲಿ ಪದದ ಕೆಳಗೆ ಗೆರೆ ಕಾಣುವುದು ಸಾಮಾನ್ಯವಾಗಿ ಈ ಸ್ಥಿತಿಯ ಗುರುತು.

ಇಲ್ಲಿ ಹೆಚ್ಚಿನ ಮಾರ್ಗದರ್ಶಿಗಳು ‘ಪದ ನೆಲೆಗೊಳ್ಳುವವರೆಗೆ ಏನೂ ಮಾಡಬೇಡಿ’ ಎನ್ನುತ್ತವೆ. ಚೀನೀ, ಜಪಾನಿ ಭಾಷೆಗಳಿಗೆ ಆ ಮಾತು ಒಪ್ಪಬಹುದು. ಕನ್ನಡದ ಹುಡುಕು ಪೆಟ್ಟಿಗೆಗೆ ನಾನು ಒಪ್ಪುವುದಿಲ್ಲ. ಆಂಡ್ರಾಯ್ಡ್ ಕೀಲಿಮಣೆಯಲ್ಲಿ ಸ್ಪೇಸ್ ಒತ್ತುವವರೆಗೂ ಇಡೀ ಪದ ಕಟ್ಟುತ್ತಿರುವ ಸ್ಥಿತಿಯಲ್ಲೇ ಇರುವುದು ಸಾಮಾನ್ಯ. ಅಲ್ಲಿಯವರೆಗೆ ಕಾದರೆ ‘ಬಸವ’ ಎಂದು ಬರೆದವರಿಗೆ ಒಂದು ಸಲಹೆಯೂ ಕಾಣುವುದಿಲ್ಲ, ಪೆಟ್ಟಿಗೆ ಕೆಟ್ಟಿದೆ ಎಂದೇ ಅವರು ತಿಳಿಯುತ್ತಾರೆ. ಆದ್ದರಿಂದ ಓದುವುದನ್ನೂ ಬರೆಯುವುದನ್ನೂ ಬೇರ್ಪಡಿಸಿ. ಪೆಟ್ಟಿಗೆಯ ಪಠ್ಯವನ್ನು ಓದಿ ಸಲಹೆಗಳನ್ನು ತೋರಿಸುವ ಕೆಲಸ ಪ್ರತಿ ‘ಇನ್‌ಪುಟ್’ ಈವೆಂಟಿಗೂ ನಡೆಯಲಿ. ಪೆಟ್ಟಿಗೆಯೊಳಗೆ ತಿದ್ದಿ ಬರೆಯುವ ಕೆಲಸವನ್ನು, ಅಂದರೆ ಹೆಚ್ಚಿನ ಖಾಲಿ ಜಾಗ ತೆಗೆಯುವುದು, ಅಂಕಿ ಬದಲಿಸುವುದು ಮುಂತಾದವನ್ನು, ‘ಈಸ್‌ಕಾಂಪೋಸಿಂಗ್’ ಸತ್ಯವಾಗಿರುವವರೆಗೂ ಮಾಡಕೂಡದು. ಹಾಗೆ ಮಾಡಿದರೆ ಕೀಲಿಮಣೆ ತಂತ್ರಾಂಶದ ನೆನಪಿಗೂ ಪೆಟ್ಟಿಗೆಯ ಪಠ್ಯಕ್ಕೂ ತಾಳ ತಪ್ಪಿ, ಅಕ್ಷರಗಳು ಎರಡೆರಡು ಬಾರಿ ಮೂಡುತ್ತವೆ ಅಥವಾ ಬರೆದದ್ದು ಮಾಯವಾಗುತ್ತದೆ. ಪದ ನೆಲೆಗೊಂಡ ಬಳಿಕವೂ, ಬೆಲೆ ನಿಜವಾಗಿ ಬದಲಾಗಿದ್ದರೆ ಮಾತ್ರ ತುಂಬಿಸಿ, ಏಕೆಂದರೆ ಬೇರೆ ಬೆಲೆಯನ್ನು ತುಂಬಿದಾಗ ಕರ್ಸರ್ ಪಠ್ಯದ ಕೊನೆಗೆ ಹಾರುತ್ತದೆ. ಪದದ ನಡುವಿನ ಒಂದು ಕೊಂಬು ತಿದ್ದಲು ಹೋದವರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿಯಿಲ್ಲ.

ಇನ್ನು ನನ್ನನ್ನು ಸಿಕ್ಕಿಸಿದ ಎಂಟರ್ ಕೀಲಿ. ಅತ್ಯಂತ ಸುರಕ್ಷಿತ ದಾರಿಯೆಂದರೆ ಪೆಟ್ಟಿಗೆಯನ್ನು ಫಾರ್ಮ್ ಅಂಗದೊಳಗಿಟ್ಟು, ಆ ಫಾರ್ಮಿನ ‘ಸಬ್ಮಿಟ್’ ಈವೆಂಟನ್ನು ಆಲಿಸುವುದು. ಪದವನ್ನು ಒಪ್ಪಲು ಒತ್ತಿದ ಎಂಟರ್ ಯಾವುದು, ಫಾರ್ಮನ್ನು ಕಳುಹಿಸಲು ಒತ್ತಿದ ಎಂಟರ್ ಯಾವುದು ಎಂಬುದನ್ನು ಬ್ರೌಸರೇ ಬಲ್ಲದು. ಮೊಬೈಲಿನ ಕೀಲಿಮಣೆಯ ‘ಗೋ’ ಗುಂಡಿಗೂ ಅದೇ ಈವೆಂಟ್ ಬರುತ್ತದೆ. ಯಾವುದೋ ಕಾರಣಕ್ಕೆ ‘ಕೀಡೌನ್’ನಲ್ಲೇ ಎಂಟರನ್ನು ಹಿಡಿಯಬೇಕಾಗಿ ಬಂದರೆ ‘ಈಸ್‌ಕಾಂಪೋಸಿಂಗ್’ ಸತ್ಯವಾಗಿರುವಾಗ ಏನನ್ನೂ ಮಾಡದೆ ಹಿಂದಿರುಗಿ, ಜೊತೆಗೆ ‘ಕೀಕೋಡ್’ 229 ಆಗಿದ್ದರೂ ಹಿಂದಿರುಗಿ. ಎರಡನೆಯ ಪರಿಶೀಲನೆ ಸಫಾರಿಗಾಗಿ: ಅಲ್ಲಿ ಪದ ನೆಲೆಗೊಂಡ ಸುದ್ದಿ ಮೊದಲು ಬಂದು, ಎಂಟರಿನ ‘ಕೀಡೌನ್’ ಆಮೇಲೆ ಬರುತ್ತಿದ್ದುದರಿಂದ ಮೊದಲ ಪರಿಶೀಲನೆಯೊಂದೇ ಸಾಲುತ್ತಿರಲಿಲ್ಲ.

ಶಾರ್ಟ್‌ಕಟ್‌ಗಳ ಬಗ್ಗೆ ಒಂದು ಮಾತು. ‘ಕೀಡೌನ್’ ಈವೆಂಟಿನಲ್ಲಿ ‘ಕೀ’ ಎಂಬ ಗುಣ ಆ ಕೀಲಿಯ ಅರ್ಥವನ್ನೂ, ‘ಕೋಡ್’ ಎಂಬ ಗುಣ ಕೀಲಿಮಣೆಯ ಮೇಲೆ ಅದಿರುವ ಜಾಗವನ್ನೂ ಹೇಳುತ್ತವೆ. ಇನ್‌ಸ್ಕ್ರಿಪ್ಟ್ ಚಾಲ್ತಿಯಲ್ಲಿದ್ದಾಗ ಎಸ್ ಕೀಲಿಯ ಮೇಲೆ ಏತ್ವದ ದೀರ್ಘ ಕುಳಿತಿರುತ್ತದೆ. ಹಾಗಾಗಿ ಕಂಟ್ರೋಲ್ ಜೊತೆಗೆ ಒತ್ತಿದಾಗ ‘ಕೀ’ ಗುಣದಲ್ಲಿ ಎಸ್ ಬರುತ್ತದೆಂಬ ಭರವಸೆಯಿಲ್ಲ. ‘ಕೀ’ ರೋಮನ್ ಅಕ್ಷರವಾಗಿಲ್ಲದಿದ್ದರೆ ‘ಕೋಡ್’ ನೋಡಿ ನಿರ್ಧರಿಸುವುದು ಒಳ್ಳೆಯ ಕ್ರಮ. ವಿಂಡೋಸಿನಲ್ಲಿ ಬಲಗಡೆಯ ಆಲ್ಟ್‌ಜಿಆರ್ ಕೀಲಿ ಕಂಟ್ರೋಲ್ ಮತ್ತು ಆಲ್ಟ್ ಎರಡನ್ನೂ ಒತ್ತಿದಂತೆ ಕಾಣುತ್ತದೆ, ಭಾರತದ ಇಂಗ್ಲಿಷ್ ವಿನ್ಯಾಸದಲ್ಲಿ ಅದರೊಡನೆ 4 ಒತ್ತಿದರೆ ₹ ಮೂಡುತ್ತದೆ. ಕಂಟ್ರೋಲ್, ಆಲ್ಟ್, 4 ಇವುಗಳ ಜೋಡಿಯನ್ನು ನಿಮ್ಮ ಪುಟ ಶಾರ್ಟ್‌ಕಟ್ ಎಂದು ಕಬಳಿಸಿದರೆ ಅಂಥವರು ರೂಪಾಯಿ ಚಿಹ್ನೆಯನ್ನೇ ಬರೆಯಲಾರರು.

ಬಂದ ಪಠ್ಯವನ್ನು ನಂಬುವ ಮೊದಲು

ಸರಿಯಾದ ಈವೆಂಟ್ ಆಲಿಸಿದರೂ ಅದು ತಂದ ಪಠ್ಯವನ್ನು ತಪ್ಪಾಗಿ ಅಳೆದರೆ ಪ್ರಯೋಜನವಿಲ್ಲ. ‘ಲಕ್ಷ್ಮೀನಾರಾಯಣಸ್ವಾಮಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಓದುವವರ ಕಣ್ಣಿಗೆ ಅದು ಎಂಟು ಅಕ್ಷರ: ಲ, ಕ್ಷ್ಮೀ, ನಾ, ರಾ, ಯ, ಣ, ಸ್ವಾ, ಮಿ. ಜಾವಾಸ್ಕ್ರಿಪ್ಟಿನ ‘ಲೆಂತ್’ ಹೇಳುವುದು 19. ಪೆಟ್ಟಿಗೆಯ ‘ಮ್ಯಾಕ್ಸ್‌ಲೆಂತ್’ ಕೂಡ ಇದೇ ಅಳತೆಯಲ್ಲಿ ಎಣಿಸುತ್ತದೆ. ಹೆಸರಿಗೆ ಹದಿನೈದು ಅಕ್ಷರ ಧಾರಾಳವಾಯಿತು ಎಂದುಕೊಂಡು ಮಿತಿ ಹಾಕಿದರೆ, ಬರೆಯುವವರ ಕೈ ‘ಲಕ್ಷ್ಮೀನಾರಾಯಣಸ್’ ಎಂಬಲ್ಲಿ ನಿಂತುಬಿಡುತ್ತದೆ. ಹೆಸರಿನ ಪೆಟ್ಟಿಗೆಗೆ ಮಿತಿ ಹಾಕದಿರುವುದೇ ಮೇಲು. ಡೇಟಾಬೇಸ್ ಮಿತಿ ಕೇಳಿದರೆ ಧಾರಾಳವಾಗಿ ಕೊಡಿ.

ಇನ್ನೊಂದು ತಪ್ಪು ಹೆಸರಿನಲ್ಲಿ ಅಕ್ಷರಗಳಷ್ಟೇ ಇರಲಿ ಎಂದು ಸೋಸುವಾಗ ಆಗುತ್ತದೆ. ರೋಮನ್ ಎ ಇಂದ ಜೆಡ್‌ವರೆಗೆ ಮಾತ್ರ ಬಿಡುವ ಸೋಸುಗ ಕನ್ನಡವನ್ನು ಪೂರ್ತಿ ತಳ್ಳುತ್ತದೆ ಎಂಬುದು ಎಲ್ಲರಿಗೂ ಬೇಗನೆ ಕಾಣುತ್ತದೆ. ಅದನ್ನು ಸರಿಪಡಿಸಲು ಯೂನಿಕೋಡಿನ ‘ಲೆಟರ್’ ವರ್ಗವನ್ನಷ್ಟೇ ಒಳಬಿಟ್ಟರೆ, ಗುಣಿತದ ಚಿಹ್ನೆಗಳೂ ವಿರಾಮವೂ ‘ಮಾರ್ಕ್’ ಎಂಬ ಬೇರೆ ವರ್ಗದಲ್ಲಿರುವುದರಿಂದ ‘ಲಕ್ಷ್ಮಿ’ ಎಂಬುದು ‘ಲಕಷಮ’ ಆಗಿ ಉಳಿಯುತ್ತದೆ. ಎರಡೂ ವರ್ಗಗಳನ್ನು ಒಳಬಿಡಿ. ಕಣ್ಣಿಗೆ ಕಾಣದ ಜೋಡಕ, ಬೇರ್ಪಡಕ ಸಂಕೇತಗಳನ್ನೂ (ಜೀರೋ ವಿಡ್ತ್ ಜಾಯಿನರ್, ನಾನ್ ಜಾಯಿನರ್) ಒಳಬಿಡಿ, ಏಕೆಂದರೆ ‘ರಾಜ್‌ಕುಮಾರ್’ ಎಂಬುದರ ನಡುವೆ ಅಂಥ ಬೇರ್ಪಡಕವೊಂದಿದೆ. ಅದನ್ನು ಕಸವೆಂದು ತೆಗೆದರೆ ಹೆಸರು ‘ರಾಜ್ಕುಮಾರ್’ ಆಗುತ್ತದೆ. ತಮ್ಮ ಹೆಸರು ತಪ್ಪಾಗಿ ಮುದ್ರಿತವಾದ ಕಾಗದವನ್ನು ಯಾರೂ ಸಂತೋಷದಿಂದ ಕೈಗೆತ್ತಿಕೊಳ್ಳುವುದಿಲ್ಲ.

ಹುಡುಕುವಾಗ ಮಾತ್ರ ಬೇರೆ ಕ್ರಮ ಬೇಕು. ‘ಕೊಪ್ಪ’ದ ಮೊದಲ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ ಮತ್ತು ದೀರ್ಘ ಕೊಂಬು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ. ಆದ್ದರಿಂದ ಹುಡುಕುವ ಪಠ್ಯದ ನಕಲನ್ನೂ ಪಟ್ಟಿಯಲ್ಲಿರುವ ಹೆಸರಿನ ನಕಲನ್ನೂ ‘ನಾರ್ಮಲೈಸ್’ ವಿಧಾನದಿಂದ ಎನ್‌ಎಫ್‌ಸಿ ಎಂಬ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ರೂಪಕ್ಕೆ ತಂದು, ಎರಡರಿಂದಲೂ ಕಾಣದ ಸಂಕೇತಗಳನ್ನು ತೆಗೆದು, ಆಮೇಲೆ ಹೋಲಿಸಿ. ಬಳಕೆದಾರರು ಬರೆದ ಮೂಲವನ್ನು ಮುಟ್ಟಬೇಡಿ.

ಅಂಕಿಗಳೂ ಹಾಗೆಯೇ. ‘೧೨’ ಎಂದು ಬರೆದದ್ದನ್ನು ಜಾವಾಸ್ಕ್ರಿಪ್ಟಿನ ‘ನಂಬರ್’ಗೆ ಕೊಟ್ಟರೆ ಅದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಕನ್ನಡದ ಹತ್ತು ಅಂಕಿಗಳು ಯೂನಿಕೋಡಿನಲ್ಲಿ ಸಾಲಾಗಿ ಇರುವುದರಿಂದ, ಅಂಕಿಯ ಸಂಕೇತದಿಂದ ‘೦’ ಸಂಕೇತವನ್ನು ಕಳೆದರೆ ಬೆಲೆ ಸಿಗುತ್ತದೆ. ದೂರವಾಣಿ ಸಂಖ್ಯೆಯ ಪೆಟ್ಟಿಗೆಯನ್ನು ‘ನಂಬರ್’ ಬಗೆಯದಾಗಿಸುವುದು ಬೇಡ, ‘ಟೆಲ್’ ಬಗೆ ಇರಲಿ. ‘ನಂಬರ್’ ಪೆಟ್ಟಿಗೆಯಲ್ಲಿ ಸಂಖ್ಯೆಯಾಗದ ಪಠ್ಯವಿದ್ದರೆ ‘ವ್ಯಾಲ್ಯೂ’ ಖಾಲಿ ಎಂದೇ ಬರುತ್ತದೆ, ಬಳಕೆದಾರರು ಏನು ಬರೆದಿದ್ದರು ಎಂಬುದನ್ನು ತಿಳಿದು ಸಹಾಯ ಮಾಡುವ ಅವಕಾಶವೂ ತಪ್ಪುತ್ತದೆ.

ಒತ್ತುವುದು, ಮುಟ್ಟುವುದು, ಆರಿಸುವುದು

ಸಲಹೆಗಳ ಪಟ್ಟಿಯಲ್ಲಿ ಹೆಸರೊಂದನ್ನು ಮೌಸಿನಿಂದ ಒತ್ತಿದಾಗ, ಪಟ್ಟಿ ಮಾಯವಾಗುತ್ತದೆ, ಹೆಸರು ಮಾತ್ರ ಪೆಟ್ಟಿಗೆಗೆ ಬರುವುದಿಲ್ಲ: ಈ ದೋಷವನ್ನು ಈ ಬಗೆಯ ಪುಟ ಬರೆದ ಬಹಳ ಜನ ಒಮ್ಮೆಯಾದರೂ ಕಂಡಿರುತ್ತಾರೆ. ಕಾರಣ ಈವೆಂಟ್‌ಗಳ ಸರದಿಯಲ್ಲಿದೆ. ಮೊದಲು ‘ಪಾಯಿಂಟರ್‌ಡೌನ್’, ಬಳಿಕ ‘ಮೌಸ್‌ಡೌನ್’, ಅದರ ಬೆನ್ನಿಗೇ ಪೆಟ್ಟಿಗೆಯಿಂದ ಫೋಕಸ್ (ಟೈಪಿಸಿದ್ದು ಈಗ ಯಾವ ಅಂಗಕ್ಕೆ ಸೇರಬೇಕೆಂಬ ಗುರುತು) ಹೋಗುವ ‘ಬ್ಲರ್’, ಆಮೇಲೆ ಬೆರಳೆತ್ತಿದಾಗ ‘ಪಾಯಿಂಟರ್‌ಅಪ್’, ‘ಮೌಸ್‌ಅಪ್’, ಕೊನೆಯಲ್ಲಿ ‘ಕ್ಲಿಕ್’. ಫೋಕಸ್ ಹೋದಾಗ ಪಟ್ಟಿ ಮುಚ್ಚಲಿ ಎಂದು ನಾವು ಬರೆದಿದ್ದರೆ, ‘ಕ್ಲಿಕ್’ ಹುಟ್ಟುವ ಹೊತ್ತಿಗೆ ಒತ್ತಿದ ಸಾಲೇ ಅಲ್ಲಿರುವುದಿಲ್ಲ. ಕೆಲವರು ಮುಚ್ಚುವುದನ್ನು ಇನ್ನೂರು ಮಿಲಿಸೆಕೆಂಡ್ ತಡಮಾಡಿ ಇದನ್ನು ಮುಚ್ಚಿಹಾಕುತ್ತಾರೆ. ನಿಧಾನವಾಗಿ ಒತ್ತಿ ಹಿಡಿಯುವ ಹಿರಿಯರ ಕೈಯಲ್ಲಿ ಅದು ಮತ್ತೆ ಕೆಡುತ್ತದೆ. ಸರಿಯಾದ ಪರಿಹಾರವೆಂದರೆ ಪಟ್ಟಿಯ ‘ಮೌಸ್‌ಡೌನ್’ನಲ್ಲಿ ‘ಪ್ರಿವೆಂಟ್‌ಡಿಫಾಲ್ಟ್’ ಕರೆಯುವುದು. ಆಗ ಫೋಕಸ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ‘ಕ್ಲಿಕ್’ ಎಂದಿನಂತೆ ಬರುತ್ತದೆ.

ಮೇಲೆ ಕೆಳಗೆ ಹೋಗುವ ಬಾಣದ ಕೀಲಿಗಳು ಮತ್ತು ಎಸ್ಕೇಪ್ ಪಠ್ಯವನ್ನು ಬರೆಯುವುದಿಲ್ಲವಾದ್ದರಿಂದ ಅವನ್ನು ‘ಕೀಡೌನ್’ನಲ್ಲಿ ಹಿಡಿಯುವುದೇ ಸರಿ. ಆದರೆ ಪದ ಕಟ್ಟುತ್ತಿರುವಾಗ ಆ ಬಾಣಗಳು ಕೀಲಿಮಣೆ ತಂತ್ರಾಂಶದ ಪದಪಟ್ಟಿಗೆ ಸೇರಿದ್ದಿರಬಹುದು. ಆಗ ‘ಈಸ್‌ಕಾಂಪೋಸಿಂಗ್’ ನೋಡಿ ದಾರಿ ಬಿಡಿ.

ಗುಂಡಿಗೆ ನಿಜವಾದ ‘ಬಟನ್’ ಅಂಗವನ್ನೇ ಬಳಸಿ. ‘ಡಿವ್’ ಒಂದಕ್ಕೆ ಬಣ್ಣ ಬಳಿದು ‘ಕ್ಲಿಕ್’ ಲಿಸನರ್ ಹಚ್ಚಿದರೆ ಅದು ಮೌಸಿಗೆ ಗುಂಡಿಯಂತೆ ಕಂಡೀತು, ಆದರೆ ಟ್ಯಾಬ್ ಕೀಲಿ ಅದನ್ನು ದಾಟಿ ಹೋಗುತ್ತದೆ, ಎಂಟರ್ ಮತ್ತು ಸ್ಪೇಸ್ ಅದರ ಮೇಲೆ ಏನೂ ಮಾಡುವುದಿಲ್ಲ, ಪರದೆ ಓದುವ ತಂತ್ರಾಂಶ ಅದನ್ನು ಗುಂಡಿಯೆಂದು ಹೇಳುವುದಿಲ್ಲ. ನಿಜವಾದ ಗುಂಡಿಗೆ ಮೌಸ್, ಬೆರಳು, ಎಂಟರ್, ಸ್ಪೇಸ್ ಎಲ್ಲದರಿಂದಲೂ ಒಂದೇ ‘ಕ್ಲಿಕ್’ ಬರುತ್ತದೆ. ಉಳಿಸುವಂಥ ಕೆಲಸವನ್ನು ‘ಪಾಯಿಂಟರ್‌ಡೌನ್’ಗೆ ಹಚ್ಚಬೇಡಿ. ತಪ್ಪಿ ಒತ್ತಿದವರು ಬೆರಳನ್ನು ಗುಂಡಿಯ ಹೊರಗೆ ಜಾರಿಸಿ ಎತ್ತಿದರೆ ‘ಕ್ಲಿಕ್’ ಹುಟ್ಟುವುದಿಲ್ಲ; ನಡುಗುವ ಕೈಯವರಿಗೆ ಈ ಸೌಲಭ್ಯ ಬಹಳ ದೊಡ್ಡದು, ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಡಬ್ಲ್ಯುಸಿಎಜಿ 2.1 ಮಾನದಂಡವೂ 2018ರಿಂದ ಇದನ್ನು ಕೇಳುತ್ತದೆ.

ಸಾಲುಗಳನ್ನು ಎಳೆದು ಜಾಗ ಬದಲಿಸುವಂಥ ಕೆಲಸವಿದ್ದರೆ ಮೌಸಿಗೂ ಬೆರಳಿಗೂ ಬೇರೆ ಬೇರೆ ಕೋಡ್ ಬರೆಯದೆ ಪಾಯಿಂಟರ್ ಈವೆಂಟ್‌ಗಳನ್ನೇ ಬಳಸಿ. ಒತ್ತಿದ ಕೂಡಲೇ ‘ಸೆಟ್‌ಪಾಯಿಂಟರ್‌ಕ್ಯಾಪ್ಚರ್’ ಕರೆದರೆ ಬೆರಳು ಅಂಗದ ಹೊರಗೆ ಹೋದರೂ ಸುದ್ದಿ ತಪ್ಪುವುದಿಲ್ಲ. ಎಳೆಯುವ ಹಿಡಿಕೆಗೆ ಸಿಎಸ್‌ಎಸ್‌ನಲ್ಲಿ ‘ಟಚ್‌ಆಕ್ಷನ್’ ಅನ್ನು ‘ನನ್’ ಮಾಡಿ, ಇಲ್ಲದಿದ್ದರೆ ಬ್ರೌಸರ್ ಅದನ್ನು ಪುಟ ಸರಿಸುವ ಚಲನೆಯೆಂದು ತಿಳಿದು ‘ಪಾಯಿಂಟರ್‌ಕ್ಯಾನ್ಸಲ್’ ಕಳುಹಿಸುತ್ತದೆ. ಆ ಈವೆಂಟನ್ನೂ ಆಲಿಸಿ, ಎಳೆತವನ್ನು ಅರ್ಧದಲ್ಲಿ ಬಿಟ್ಟಾಗ ಸಾಲನ್ನು ಮೊದಲಿನ ಜಾಗಕ್ಕೆ ತನ್ನಿ.

ತಡವಾಗದಂತೆ, ಹಳತು ಬರದಂತೆ

ಸೆಕೆಂಡಿಗೆ 60 ಬಾರಿ ಚಿತ್ರಿಸುವ ಪರದೆಯಲ್ಲಿ ಒಂದು ಚೌಕಟ್ಟಿಗೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಗೂಗಲ್ 2024ರ ಮಾರ್ಚಿನಿಂದ ಪುಟಗಳನ್ನು ಅಳೆಯುವ ಮುಖ್ಯ ಅಳತೆಗಳಲ್ಲಿ ಬಳಕೆದಾರರ ಕ್ರಿಯೆಗೂ ಪರದೆಯ ಪ್ರತಿಕ್ರಿಯೆಗೂ ನಡುವಿನ ಸಮಯವನ್ನು ಸೇರಿಸಿದೆ, ಅದು 200 ಮಿಲಿಸೆಕೆಂಡಿನೊಳಗಿದ್ದರೆ ಚೆನ್ನಾಗಿದೆ ಎನ್ನುತ್ತದೆ. ಹ್ಯಾಂಡ್ಲರಿನಲ್ಲಿ ಕಣ್ಣಿಗೆ ಕಾಣಬೇಕಾದ ಬದಲಾವಣೆಯನ್ನು ಮೊದಲು ಮಾಡಿ, ಭಾರದ ಲೆಕ್ಕಾಚಾರವನ್ನು ಮುಂದೂಡಿ ಅಥವಾ ಬೇರೆ ಥ್ರೆಡ್ಡಿನಲ್ಲಿ ಕೋಡ್ ನಡೆಸುವ ವೆಬ್ ವರ್ಕರಿಗೆ ಒಪ್ಪಿಸಿ.

ಸರ್ವರಿನಿಂದ ಹುಡುಕುವುದಾದರೆ ಪ್ರತಿ ‘ಇನ್‌ಪುಟ್’ಗೂ ವಿನಂತಿ ಕಳುಹಿಸದೆ, ಕೊನೆಯ ಬದಲಾವಣೆಯಾಗಿ 250 ಮಿಲಿಸೆಕೆಂಡ್ ಸದ್ದಿಲ್ಲದಿದ್ದರೆ ಮಾತ್ರ ಕಳುಹಿಸಿ. ಇಷ್ಟಕ್ಕೇ ನಿಲ್ಲಿಸುವವರು ಒಂದು ಬಲೆಗೆ ಬೀಳುತ್ತಾರೆ. ‘ರಾ’ ಎಂಬುದಕ್ಕೆ ಉತ್ತರ ದೊಡ್ಡದಾದ್ದರಿಂದ ನಿಧಾನವಾಗಿ, ‘ರಾಮಪ್ಪ’ ಎಂಬುದಕ್ಕೆ ಉತ್ತರ ಬೇಗನೆ ಬಂದರೆ, ಹೊಸ ಪಟ್ಟಿಯ ಮೇಲೆ ಹಳೆಯ ಪಟ್ಟಿ ಬಂದು ಕೂರುತ್ತದೆ. ನಿಧಾನದ ಸಂಪರ್ಕವಿರುವ ಊರುಗಳಲ್ಲಿ ಇದು ದಿನನಿತ್ಯ ಕಾಣುತ್ತದೆ, ಬೆಂಗಳೂರಿನ ಕಚೇರಿಯ ವೈಫೈನಲ್ಲಿ ಕಾಣುವುದೇ ಇಲ್ಲ. ಹೊಸ ವಿನಂತಿ ಹೊರಡುವ ಮೊದಲು ಹಳೆಯದನ್ನು ‘ಅಬಾರ್ಟ್‌ಕಂಟ್ರೋಲರ್’ನಿಂದ ರದ್ದುಮಾಡಿ. ಉಳಿಸುವ ಗುಂಡಿಯನ್ನು ಉತ್ತರ ಬರುವವರೆಗೆ ನಿಷ್ಕ್ರಿಯಗೊಳಿಸಿ, ಹಾಗೆ ನಿಷ್ಕ್ರಿಯವಾಗಿರುವುದು ಏಕೆಂದು ‘ಉಳಿಸಲಾಗುತ್ತಿದೆ’ ಎಂಬ ಪದದಿಂದ ತಿಳಿಸಿ. ಬೇರೊಂದು ‘ಅಬಾರ್ಟ್‌ಕಂಟ್ರೋಲರ್’ನ ಸಿಗ್ನಲನ್ನು ‘ಆಡ್‌ಈವೆಂಟ್‌ಲಿಸನರ್’ಗೂ ಕೊಡಬಹುದು, ಪುಟದ ಆ ಭಾಗ ಮುಚ್ಚಿದಾಗ ಒಂದೇ ಕರೆಯಿಂದ ಎಲ್ಲ ಲಿಸನರುಗಳೂ ಕಳಚುತ್ತವೆ.

ಲಾಗ್ ಇಟ್ಟು ಪರೀಕ್ಷಿಸುವುದು

ಕೆಲಸ ಮುಗಿಯಿತು ಎನ್ನುವ ಮೊದಲು ಪುಟದ ಕೆಳಗೆ ತಾತ್ಕಾಲಿಕವಾಗಿ ಒಂದು ಲಾಗ್ ಅಂಕಣ ಇಡಿ. ಮೇಲೆ ಹೇಳಿದ ಕೀಲಿ, ಪದ ಕಟ್ಟುವ, ‘ಸಬ್ಮಿಟ್’, ಇನ್‌ಪುಟ್ ಈವೆಂಟ್‌ಗಳಿಗೆಲ್ಲ ಲಿಸನರ್ ಹಚ್ಚಿ, ಪ್ರತಿಯೊಂದಕ್ಕೂ ಹೆಸರು, ‘ಕೀ’, ‘ಕೋಡ್’, ‘ಈಸ್‌ಕಾಂಪೋಸಿಂಗ್’, ‘ಇನ್‌ಪುಟ್‌ಟೈಪ್’, ಆ ಹೊತ್ತಿನ ‘ವ್ಯಾಲ್ಯೂ’ ಇವನ್ನು ಒಂದು ಸಾಲಿನಲ್ಲಿ ಬರೆಯಿರಿ. ಬಳಿಕ ‘ಸ್ತ್ರೀ’ ಎಂದು ಇನ್‌ಸ್ಕ್ರಿಪ್ಟಿನಲ್ಲಿ ಬರೆದು ಬ್ಯಾಕ್‌ಸ್ಪೇಸ್ ಒತ್ತುತ್ತ ಹೋಗಿ. ಕಣ್ಣಿಗೆ ಒಂದೇ ಅಕ್ಷರವಾದರೂ ಅದರಲ್ಲಿ ಆರು ಸಂಕೇತಗಳಿವೆ. ಸಾಮಾನ್ಯವಾಗಿ ಒಂದೊಂದು ಒತ್ತಿಗೆ ಒಂದೊಂದು ಸಂಕೇತ ಕಳಚಿ, ದೀರ್ಘದ ಈ, ರ, ವಿರಾಮ, ತ, ವಿರಾಮ, ಸ ಎಂಬ ಕ್ರಮದಲ್ಲಿ ಅಕ್ಷರ ಬಿಚ್ಚಿಕೊಳ್ಳುವುದು ಲಾಗ್‌ನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರು ಕೀಲಿ ಎಣಿಸಿ ಅಕ್ಷರ ಲೆಕ್ಕಹಾಕುವ ಕೋಡನ್ನು ಮತ್ತೆ ಬರೆಯುವುದಿಲ್ಲ.

ಅದೇ ಪುಟವನ್ನು ಒಂದು ಆಂಡ್ರಾಯ್ಡ್ ಫೋನಿನಲ್ಲಿ, ಒಂದು ಐಫೋನಿನಲ್ಲಿ, ಸಿಕ್ಕರೆ ವಿಂಡೋಸಿನ ಕನ್ನಡ ಫೊನೆಟಿಕ್ ಕೀಲಿಮಣೆಯಲ್ಲಿ ತೆರೆಯಿರಿ. ಧ್ವನಿಯಿಂದ ಒಂದು ಹೆಸರು ಬರೆಸಿ. ಬೇರೆಡೆಯಿಂದ ನಕಲಿಸಿದ ಹೆಸರನ್ನು ಅಂಟಿಸಿ. ಮೌಸನ್ನು ಪಕ್ಕಕ್ಕಿಟ್ಟು, ಹುಡುಕಿ, ಆರಿಸಿ, ಉಳಿಸುವವರೆಗೆ ಕೀಲಿಮಣೆಯಿಂದಲೇ ಸಾಗಿ. ಕೊನೆಗೆ ಲಿಪ್ಯಂತರಣದಲ್ಲಿ ‘ಶ್ರೀನಿವಾಸ’ ಎಂದು ಬರೆದು, ಪದದ ಕೆಳಗಿನ ಗೆರೆ ಇನ್ನೂ ಇರುವಾಗಲೇ ಎಂಟರ್ ಒತ್ತಿ. ಪದ ಪೆಟ್ಟಿಗೆಗೆ ಇಳಿದು, ಫಾರ್ಮ್ ಇದ್ದಲ್ಲೇ ಇರಬೇಕು; ಎರಡನೆಯ ಬಾರಿ ಎಂಟರ್ ಒತ್ತಿದಾಗ ಮಾತ್ರ ಉಳಿಯಬೇಕು. ಮೊದಲ ಒತ್ತಿಗೇ ಉಳಿದುಹೋದರೆ ಎಲ್ಲೋ ಒಂದು ‘ಕೀಡೌನ್’ ಲಿಸನರ್ ಎಂಟರನ್ನು ಇನ್ನೂ ಕಾಯುತ್ತಿದೆ ಎಂದರ್ಥ. ಲಾಗ್‌ನಲ್ಲಿ ‘ಸಬ್ಮಿಟ್’ಗಿಂತ ಹಿಂದಿನ ಸಾಲನ್ನು ನೋಡಿ ಅದನ್ನು ಹುಡುಕಿ ತೆಗೆಯಿರಿ.